ಸೀಬೆ ಕ್ರಂಬಲ್‌ಗೆ ಬಾದಾಮಿಯೋ, ಕೊಬ್ಬರಿಯೋ, ಕಡಲೆಬೀಜವೋ?

ಅಪ್ಪನಿಗೆ ಶುಗರ್ ಅಂತ ಗೊತ್ತಾಗಿ ಹನ್ನೊಂದು ವರ್ಷವಾಯಿತು. ಮುದ್ದೆ ಅರ್ಧಕ್ಕಿಳಿಸಿದರು, ಅನ್ನ ಒಂದು ಸೌಟಿಗೆ ತಂದರು, ಕಾಫಿಗೆ ಸಕ್ಕರೆ ಬಿಟ್ಟರು. ಯಾವುದಕ್ಕೂ ಗೊಣಗಿದವರಲ್ಲ. ಆದರೆ ರಾತ್ರಿ ಊಟ ಮುಗಿದ ಮೇಲೆ ತಟ್ಟೆ ಮುಂದೆ ಒಂದು ನಿಮಿಷ ಸುಮ್ಮನೆ ಕೂತಿರುತ್ತಾರೆ. ಆ ಒಂದು ನಿಮಿಷಕ್ಕಾಗಿ ನಾನು ಕಳೆದ ಚಳಿಗಾಲವಿಡೀ ಸೀಬೆಹಣ್ಣು ಬೇಯಿಸಿದೆ.

ಮಾಡಿದ್ದು ಕ್ರಂಬಲ್. ಕೆಳಗೆ ಹಣ್ಣು, ಅದರ ಮೇಲೆ ಉದುರುದುರಾದ ಗರಿಗರಿ ಪದರ, ಎರಡೂ ಒಟ್ಟಿಗೆ ಓವನ್ನಿನಲ್ಲಿ ಬೇಯಬೇಕು. ಮಾಮೂಲಿಯಾಗಿ ಮೇಲಿನ ಪದರಕ್ಕೆ ಹಾಕುವುದು ಮೈದಾ, ಬೆಣ್ಣೆ, ಸಕ್ಕರೆ. ನಾನು ಮೈದಾ ಬದಲಿಗೆ ಮೂರನ್ನು ಪರೀಕ್ಷೆಗಿಟ್ಟೆ: ಅಂಗಡಿಯ ಬಾದಾಮಿ ಪುಡಿ, ತಿಪಟೂರಿನ ಅತ್ತೆ ಮನೆಯಿಂದ ಬರುವ ಕೊಬ್ಬರಿ, ಪಾವಗಡದ ಕಡೆಯ ಕಡಲೆಬೀಜ. ತುಮಕೂರಿನ ನಮ್ಮ ಮನೆಯಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಒಂದೊಂದನ್ನೂ ನಾಲ್ಕು ನಾಲ್ಕು ಸಲ ಮಾಡಿದೆ. ಪ್ರತಿ ಸಲವೂ 400 ಗ್ರಾಂ ಹಣ್ಣು, 120 ಗ್ರಾಂ ಪುಡಿ, ಅದೇ ಓಟಿಜಿ (ಮೇಜಿನ ಮೇಲಿಡುವ ಕರೆಂಟ್ ಓವನ್), ಅದೇ ಗಾಜಿನ ಬಟ್ಟಲು, ಆರು ಪಾಲು.

ಕೇಕ್ ಯಾಕಲ್ಲ ಅಂದರೆ, ಅಮ್ಮ. ಮೊಟ್ಟೆ ನಮ್ಮ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಮೈದಾ ಬಿಟ್ಟ ಮೇಲೆ ಹಿಟ್ಟನ್ನು ಹಿಡಿದಿಡುವ ಅಂಟು ಇರುವುದಿಲ್ಲ, ಆ ಕೆಲಸವನ್ನು ಮೊಟ್ಟೆಯೇ ಮಾಡಬೇಕು. ಬಾದಾಮಿ ಪುಡಿಗೆ ಮೊಸರು, ಇಸಬ್ಗೋಲ್ ಹಾಕಿ ಎರಡು ಸಲ ಕೇಕ್ ಮಾಡಿದೆ, ಎರಡು ಸಲವೂ ನಡುವೆ ಕುಸಿದು ಒಳಗೆ ಹಸಿಹಸಿಯಾಗಿಯೇ ಉಳಿಯಿತು. ಕ್ರಂಬಲ್‌ಗೆ ಆ ತೊಂದರೆಯೇ ಇಲ್ಲ, ಉದುರಬೇಕಾದದ್ದೇ ಅದರ ಗುಣ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಲೆಯಲ್ಲಿದ್ದ ಪೂರ್ತಿ ಕಲ್ಪನೆಯನ್ನು ತಿರುಗಿಸಿದ್ದು ಅದೇ. 100 ಗ್ರಾಂ ಮೈದಾದಲ್ಲಿ ಸುಮಾರು 76 ಗ್ರಾಂ ಕಾರ್ಬ್ (ಕಾರ್ಬೊಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ, ನಾರು ಎಲ್ಲ ಸೇರಿ), ನಾರು ಮೂರು ಗ್ರಾಂ ಕೂಡ ಇಲ್ಲ. ಬಾದಾಮಿಯಲ್ಲಿ ಕಾರ್ಬ್ 22, ಅದರಲ್ಲಿ ನಾರೇ 12. ಕಡಲೆಬೀಜದಲ್ಲಿ 16, ನಾರು 8. ಒಣ ಕೊಬ್ಬರಿಯಲ್ಲಿ 24, ನಾರು 16. ನಾರು ರಕ್ತದ ಸಕ್ಕರೆ ಏರಿಸುವುದಿಲ್ಲ, ಅದನ್ನು ಕಳೆದರೆ ಮೂರರಲ್ಲೂ ಎಂಟರಿಂದ ಹತ್ತು ಗ್ರಾಂ ಅಷ್ಟೇ ಉಳಿಯುತ್ತದೆ. ಅಂದರೆ ಕಾರ್ಬ್ ಲೆಕ್ಕದಲ್ಲಿ ಮೂರೂ ಒಂದೇ! ಬಾದಾಮಿಯೇ ಬೇಕು, ಬಾದಾಮಿ ಇಲ್ಲದಿದ್ದರೆ ಲೋ ಕಾರ್ಬ್ ಬೇಕಿಂಗ್ ಸಾಧ್ಯವೇ ಇಲ್ಲ ಅಂದುಕೊಂಡು ಒಂದು ವರ್ಷ ನಾನು ಕೈಕಟ್ಟಿ ಕೂತಿದ್ದೆ. ಬೇಡವಾಗಿತ್ತು.

ಪೂರ್ತಿ ಬಟ್ಟಲಿನ ಲೆಕ್ಕ ಇನ್ನೂ ಕಣ್ಣು ತೆರೆಸಿತು. ಮೈದಾ 120 ಗ್ರಾಂ, ಸಕ್ಕರೆ 100 ಗ್ರಾಂ ಹಾಕಿ ಮಾಡಿದರೆ ನಾರು ಕಳೆದು ಒಂದು ಪಾಲಿಗೆ 37 ಗ್ರಾಂ ಕಾರ್ಬ್. ಸಕ್ಕರೆ ಬಿಟ್ಟು ಈ ಮೂರರಲ್ಲಿ ಯಾವುದನ್ನು ಹಾಕಿದರೂ ಏಳೆಂಟು ಗ್ರಾಂ. ಆ ಏಳೆಂಟರಲ್ಲಿ ಹೆಚ್ಚಿನ ಪಾಲು ಬರುವುದು ಹಣ್ಣಿನಿಂದ, ಪುಡಿಯಿಂದಲ್ಲ. ಹಾಗಾಗಿ ತಕ್ಕಡಿಯಲ್ಲಿ ಮೊದಲು ಕೂರಬೇಕಾದದ್ದು ಹಣ್ಣು.

ಸೀಬೆ ಗೆದ್ದದ್ದು ಅಲ್ಲೇ. ಸೀಬೆಯಲ್ಲೂ ಮಾವಿನಲ್ಲೂ 100 ಗ್ರಾಂಗೆ ಕಾರ್ಬ್ ಹೆಚ್ಚುಕಮ್ಮಿ ಅಷ್ಟೇ, 14, 15. ಆದರೆ ಸೀಬೆಯಲ್ಲಿ ಐದು ಗ್ರಾಂ ನಾರಿದೆ, ಮಾವಿನಲ್ಲಿ ಎರಡೂ ಇಲ್ಲ. ಬಾಳೆಹಣ್ಣು 23, ಹಲಸೂ ಅಷ್ಟೇ. ಗುಬ್ಬಿ ತಾಲ್ಲೂಕು ಚೇಳೂರಿನ ಸಿದ್ದು ಹಲಸಿನ ಕೆಂಪು ತೊಳೆ ಕಂಡಾಗಲೆಲ್ಲ ಅಪ್ಪ ಕಣ್ಣಲ್ಲೇ ಕೇಳುತ್ತಾರೆ. ಅದನ್ನು ಎರಡು ತೊಳೆ ಹಾಗೇ ಕೊಡುತ್ತೇನೆ, ಬಟ್ಟಲಿಗೆ ಹಾಕುವುದಿಲ್ಲ. ಸ್ಟ್ರಾಬೆರಿಯಲ್ಲಿ ಕಾರ್ಬ್ ಎಂಟೇ ಗ್ರಾಂ, ಕಾಗದದ ಮೇಲೆ ಅದೇ ಮೊದಲು. ಆದರೆ ಬೇಯುವಾಗ ನೀರು ಬಿಟ್ಟು ಮೇಲಿನ ಪದರವನ್ನೆಲ್ಲ ನೆನೆಸಿಬಿಡುತ್ತದೆ. ಒಂದು ಚಮಚ ಇಸಬ್ಗೋಲ್ ಬೆರೆಸಿದರೆ ಲೋಳೆಯಾಗುತ್ತದೆ, ಬೆರೆಸದಿದ್ದರೆ ಸಾರಾಗುತ್ತದೆ. ಪರಂಗಿಯದ್ದೂ ಅದೇ ಕತೆ, ಜೊತೆಗೆ ಬೆಂದ ಪರಂಗಿಯ ವಾಸನೆ ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ.

ಸೀಬೆಯಲ್ಲಿ ಪೆಕ್ಟಿನ್, ಅಂದರೆ ಬೆಂದ ಹಣ್ಣನ್ನು ಗಟ್ಟಿ ಮಾಡುವ ಅಂಶ, ಧಾರಾಳ. ಜೆಲ್ಲಿ ಮಾಡುವವರಿಗೆ ಇದು ಗೊತ್ತು. ಕಾರ್ನ್‌ಫ್ಲೋರ್ ಇಲ್ಲದೆ ತಾನೇ ಗಟ್ಟಿಯಾಗುತ್ತದೆ, ಲೋ ಕಾರ್ಬ್ ಮಾಡುವವರಿಗೆ ಇದಕ್ಕಿಂತ ಹೆಚ್ಚಿನ ಉಪಕಾರ ಬೇರೆ ಹಣ್ಣು ಮಾಡುವುದಿಲ್ಲ. ಬೀಜ ಮಾತ್ರ ಅಪ್ಪನ ಕಟ್ಟಿದ ಹಲ್ಲಿಗೆ ಶತ್ರು. ಹಣ್ಣನ್ನು ನಾಲ್ಕು ಹೋಳು ಮಾಡಿ, ನಡುವಿನ ಬೀಜದ ತಿರುಳನ್ನು ಚಮಚದಲ್ಲಿ ತೆಗೆದು, ಎರಡು ಚಮಚ ನೀರು ಹಾಕಿ ಐದು ನಿಮಿಷ ಬೇಯಿಸಿ ಜರಡಿಯಲ್ಲಿ ಉಜ್ಜುತ್ತೇನೆ. ಆ ರಸವನ್ನು ಸುತ್ತಲಿನ ಹೋಳುಗಳಿಗೆ ಕಲಸಿ, ಅರ್ಧ ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪು, ಚಕ್ಕೆ ಪುಡಿ. ಒಳಗೆ ಕೆಂಪಿರುವ ಹಣ್ಣು ಸಿಕ್ಕಿದರೆ ಬಟ್ಟಲು ನೋಡಲು ಚೆಂದ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಕಿರಣ್ ತಳಿ ಹಾಗಿರುತ್ತದೆ. ಬಿಳಿ ಹಣ್ಣಿನ ಘಮ ಮಾತ್ರ ನನಗೆ ಇನ್ನೂ ಹೆಚ್ಚು ಇಷ್ಟ.

ಇನ್ನು ಪುಡಿಗಳು.

ಬಾದಾಮಿ ಸಭ್ಯ ಪದಾರ್ಥ. 40 ಗ್ರಾಂ ತಣ್ಣನೆ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿದರೆ ಮೈದಾದಂತೆಯೇ ಹರಳು ಹರಳಾಗುತ್ತದೆ, 170 ಡಿಗ್ರಿಯಲ್ಲಿ 25 ನಿಮಿಷಕ್ಕೆ ಎಲ್ಲ ಕಡೆ ಒಂದೇ ಬಣ್ಣ. ನಾಲ್ಕು ಸಲದಲ್ಲಿ ಒಂದು ಸಲವೂ ಕೆಡಲಿಲ್ಲ. ಆದರೆ ರುಚಿಯಲ್ಲಿ ಅದು ಹಿಂದೆ ನಿಂತುಬಿಡುತ್ತದೆ, ಸೀಬೆಯ ಘಮದ ಎದುರು ಅದಕ್ಕೆ ಮಾತೇ ಇಲ್ಲ. ಬೆಲೆಯೂ ಕಡಲೆಬೀಜದ ಐದಾರು ಪಟ್ಟು. ವಾರಕ್ಕೆರಡು ಸಲ ಮಾಡುವ ಸಿಹಿಗೆ ಆ ಖರ್ಚು ನಮ್ಮ ಮನೆಗೆ ಹೊಂದುವುದಿಲ್ಲ.

ಕೊಬ್ಬರಿಯ ಬಗ್ಗೆ ನಾನು ಪಕ್ಷಪಾತಿ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ತಿಪಟೂರಿನ ಕಡೆ ಕೊಬ್ಬರಿ ಅಂದರೆ ಉಂಡೆ ಕೊಬ್ಬರಿ. ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನುವ ಗುಂಡಾಗುತ್ತದೆ. ಬಿಸಿಲಿಗೆ ಹಾಕಿ ಒಣಗಿಸಿದ ಹೋಳು ಕೊಬ್ಬರಿಗೆ ಈ ಸಿಹಿ ಬರುವುದಿಲ್ಲ. ಅತ್ತೆ ಪ್ರತಿ ಸಲ ಎಂಟು ಹತ್ತು ಉಂಡೆ ಚೀಲಕ್ಕೆ ಹಾಕಿ, "ಮಂಡಿಗೆ ಹಾಕೋದ್ರಲ್ಲಿ ಇದೇನು ಲೆಕ್ಕ, ನಿಮ್ಮಪ್ಪಂಗೆ ಮಾಡ್ಕೊಡು ತಗೊಂಡೋಗು" ಅನ್ನುತ್ತಾರೆ.

ಮೊದಲ ಸಲ ಮಿಕ್ಸಿಗೆ ಹಾಕಿ ತಪ್ಪು ಮಾಡಿದೆ. ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಪಾಲು ಎಣ್ಣೆ. ಮಿಕ್ಸಿ ಬಿಸಿಯಾದಂತೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಯಿತು. ಎರಡನೇ ಸಲದಿಂದ ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿದೆ, ಕೈ ನೋಯುತ್ತದೆ, ಆದರೆ ತುರಿ ಹೂವಿನಂತೆ ಬರುತ್ತದೆ. ಬೆಣ್ಣೆ 15 ಗ್ರಾಂ ಸಾಕು. ಓವನ್ನಿನ ಮೇಲಿನ ಕಡ್ಡಿ ಆರಿಸಿ 160 ಡಿಗ್ರಿಯಲ್ಲಿಡಬೇಕು, ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ತುದಿಗಳು ಕಪ್ಪಾಗುತ್ತವೆ. ಕಾಯಿಹಾಲು ಹಿಂಡಿ ಉಳಿದ ತುರಿಯನ್ನು ಒಣಗಿಸಿ ಪುಡಿ ಮಾಡಿಯೂ ನೋಡಿದೆ. ಅಂಗಡಿಯಲ್ಲಿ ತೆಂಗಿನ ಹಿಟ್ಟು ಅಂತ ಮಾರುವುದು ಹೆಚ್ಚುಕಮ್ಮಿ ಅದೇ. ಅದು ಹಣ್ಣಿನ ನೀರನ್ನೆಲ್ಲ ಹೀರಿ ಬಾಯಲ್ಲಿ ಮರಳು ಮರಳಾಯಿತು, ಮತ್ತೆ ಮಾಡಲಿಲ್ಲ.

ಸರಿಯಾಗಿ ಬಂದ ಕೊಬ್ಬರಿ ಕ್ರಂಬಲ್‌ನ ರುಚಿಗೆ ಉಳಿದೆರಡೂ ಸಾಟಿಯಲ್ಲ. ಅಪ್ಪ ಒಂದು ಚಮಚ ಬಾಯಿಗಿಟ್ಟು, "ಏನಮ್ಮಾ ಇದು, ಕಾಯಿ ಹೋಳಿಗೆ ತಿಂದಂಗಾಗ್ತೈತೆ" ಅಂದರು. ಸಕ್ಕರೆ ಇಲ್ಲದೆ ಆ ಮಾತು ಬಂದದ್ದು ನನಗೆ ದೊಡ್ಡದು.

ಹಾಗಿದ್ದೂ ನಾನು ಕೊಬ್ಬರಿಗೆ ಮೊದಲ ಸ್ಥಾನ ಕೊಡಲಿಲ್ಲ. ತೆಂಗಿನ ಕೊಬ್ಬಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೊಲೆಸ್ಟ್ರಾಲ್ ಏರಿಸುವಂಥದ್ದು. ಅಪ್ಪನಿಗೆ ಕೊಲೆಸ್ಟ್ರಾಲ್ ಮಾತ್ರೆಯೂ ನಡೆಯುತ್ತಿದೆ. ಸಕ್ಕರೆ ಉಳಿಸಿ ಹೃದಯಕ್ಕೆ ಭಾರ ಹಾಕುವುದು ಯಾವ ಲೆಕ್ಕ? ಕಾರ್ಬ್ ಕಮ್ಮಿ ಅಂದ ಮಾತ್ರಕ್ಕೆ ಕ್ಯಾಲೊರಿ ಕಮ್ಮಿಯಲ್ಲ. 120 ಗ್ರಾಂ ಪುಡಿಯಲ್ಲಿ, ಯಾವುದೇ ಆಗಲಿ, ಸುಮಾರು 700ರಿಂದ 800 ಕ್ಯಾಲೊರಿ ಇದೆ, ಬೆಣ್ಣೆ ಬೇರೆ.

ಕಡಲೆಬೀಜ ನಾನು ಕೊನೆಗೆ, ನಂಬಿಕೆಯಿಲ್ಲದೆ ಮಾಡಿದ್ದು. ಅದರ ಕೆಲಸವೆಲ್ಲ ಓವನ್ನಿಗಿಂತ ಮೊದಲೇ ಇದೆ. ಮುದುಡಿದ, ಕಪ್ಪಾದ, ಬೂಸ್ಟು ಹಿಡಿದ ಬೀಜ ಒಂದನ್ನೂ ಬಿಡದೆ ಆರಿಸಬೇಕು. ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಉಜ್ಜಿ, ಮೊರದಲ್ಲಿ ಸಿಪ್ಪೆ ಕೇರಿ, ಮಿಕ್ಸಿಯನ್ನು ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ತರಿತರಿಯಾಗಿ ಮಾಡಬೇಕು. ಒಂದೇ ಸಮ ತಿರುಗಿಸಿದರೆ ಬೆಣ್ಣೆಯಾಗಿಬಿಡುತ್ತದೆ. ತುಪ್ಪ 25 ಗ್ರಾಂ, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಮೊದಲೇ ಹುರಿದಿರುವುದರಿಂದ 160 ಡಿಗ್ರಿಯಲ್ಲಿ 18 ನಿಮಿಷ ಸಾಕು.

ಅದು ಕೊಬ್ಬರಿಯಷ್ಟು ಸೊಗಸಲ್ಲ, ಬಾದಾಮಿಯಷ್ಟು ನಯವೂ ಅಲ್ಲ. ಆದರೆ ಮೂರರಲ್ಲಿ ಅತಿ ಹೆಚ್ಚು ಗರಿಯಾಗುವುದು ಅದೇ, ತಣ್ಣಗಾದ ಮೇಲೂ ಗರಿ ಬಿಡುವುದಿಲ್ಲ. ಪ್ರೊಟೀನ್ 100 ಗ್ರಾಂಗೆ 26, ಬಾದಾಮಿಗಿಂತಲೂ ಹೆಚ್ಚು. ಕೊಬ್ಬಿನಲ್ಲಿ ಹೆಚ್ಚು ಪಾಲು ಅಪ್ಪನಿಗೆ ಒಗ್ಗುವಂಥದ್ದು. ಚಿಕ್ಕಿಯ ವಾಸನೆ ಬರುವುದರಿಂದ ನಾಲಿಗೆ ತಾನೇ ಸಿಹಿಯನ್ನು ನೆನೆಸಿಕೊಳ್ಳುತ್ತದೆ, ಹೀಗಾಗಿ ಸಕ್ಕರೆ ಬದಲಿಗೆ ಹಾಕುವ ಸಿಹಿಪುಡಿಯೂ ಕಮ್ಮಿ ಹಿಡಿಯಿತು.

ಸಿಹಿಪುಡಿಯ ಹೋಲಿಕೆ ಬೇಗ ಮುಗಿಯುತ್ತದೆ. ಬೆಲ್ಲ, ಖರ್ಜೂರ ಈ ಪಂದ್ಯಕ್ಕೇ ಬರುವುದಿಲ್ಲ, ಎರಡೂ ಸಕ್ಕರೆಯೇ. ಎರಿಥ್ರಿಟಾಲ್ ಅನ್ನುವ ಸಿಹಿಪುಡಿ ಸಕ್ಕರೆಯ ಮುಕ್ಕಾಲು ಪಾಲಿನಷ್ಟು ಸಿಹಿ, ಆದರೆ ಆರಿದ ಮೇಲೆ ಮತ್ತೆ ಹರಳುಗಟ್ಟಿ ಹಲ್ಲಿಗೆ ಸಿಗುತ್ತದೆ, ಬಾಯಿ ತಣ್ಣಗೆ ಜುಮ್ಮೆನ್ನುತ್ತದೆ. ನುಣ್ಣಗೆ ಪುಡಿ ಮಾಡಿ ಹಣ್ಣಿಗೆ ಮಾತ್ರ ಹಾಕಿದರೆ ವಾಸಿ. ಸ್ಟೀವಿಯಾ (ಒಂದು ಗಿಡದ ಎಲೆಯಿಂದ ತೆಗೆದ ಸಿಹಿ) ಚಾಕುವಿನ ತುದಿಯಷ್ಟು ಸಾಕು, ಹೆಚ್ಚಾದರೆ ಕಹಿ. ನಿಂಬೆ ಮತ್ತು ಚಕ್ಕೆ ಆ ಕಹಿಯನ್ನು ಮುಚ್ಚುತ್ತವೆ. ಆಸ್ಪರ್ಟೇಮ್ ಇರುವ ಪುಡಿ ಓವನ್ನಿನ ಬಿಸಿಗೆ ಸಿಹಿ ಕಳೆದುಕೊಳ್ಳುತ್ತದೆ, ಬೇಡ. ಸ್ಟೀವಿಯಾದಂಥ ಸಿಹಿಕಾರಕಗಳನ್ನು ತೂಕ ಇಳಿಸಲೆಂದು ಬಳಸಬೇಡಿ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಅಂತಲೂ ಅದರಲ್ಲೇ ಇದೆ. ಆದರೂ ನಾನು ಸಲದಿಂದ ಸಲಕ್ಕೆ ಇಳಿಸುತ್ತಾ ಬಂದೆ. ಫೆಬ್ರವರಿ ಕೊನೆಗೆ ಚೆನ್ನಾಗಿ ಮಾಗಿದ ಹಣ್ಣಿಗೆ ಒಂದು ಚಮಚ ಎರಿಥ್ರಿಟಾಲ್ ಸಾಕಾಯಿತು, ಅಪ್ಪನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಶುಗರ್ ಮೀಟರ್ ಏನು ಹೇಳಿತು ಅಂತ ಕೇಳುವವರಿಗೆ: ಸಂಜೆ ನಾಲ್ಕಕ್ಕೆ ಬೇರೇನೂ ಇಲ್ಲದೆ ಒಂದು ಪಾಲು ಕೊಟ್ಟು, ಮೊದಲು ಮತ್ತು ಎರಡು ಗಂಟೆ ಕಳೆದು ನೋಡಿದೆವು. ಬಾದಾಮಿಗೆ 17, ಕೊಬ್ಬರಿಗೆ 19, ಕಡಲೆಬೀಜಕ್ಕೆ 14 ಏರಿತು. ಮನೆಯ ಮೀಟರ್‌ಗಳಿಗೆ ಶೇಕಡ 15ರಷ್ಟು ಹೆಚ್ಚುಕಮ್ಮಿ ತೋರಿಸುವ ಅವಕಾಶ ನಿಯಮದಲ್ಲೇ ಇದೆ, ಆದ್ದರಿಂದ ಇವುಗಳಲ್ಲಿ ಒಂದು ಗೆದ್ದಿತು ಅಂತ ನಾನು ಹೇಳುವುದಿಲ್ಲ. ಇದು ಅಪ್ಪ ಒಬ್ಬರ ಮೈಯ ಲೆಕ್ಕ. ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳಿ, ತಮ್ಮ ಮೀಟರಿನಲ್ಲಿ ನೋಡಿಕೊಳ್ಳಬೇಕು.

ಹತ್ತನೇ ಸಲ ಬೇಯಿಸುತ್ತಿದ್ದಾಗ ಕರೆಂಟ್ ಹೋಯಿತು. ಓಟಿಜಿಯ ಭಾರವನ್ನು ನಮ್ಮ ಯುಪಿಎಸ್ ಎಳೆಯುವುದಿಲ್ಲ. ಹಣ್ಣು ಅರ್ಧ ಬೆಂದಿತ್ತು, ಪುಡಿ ಹಸಿ. ಅಮ್ಮ ಬಂದು ನೋಡಿ, "ಅಷ್ಟಕ್ಯಾಕೆ ತಲೆ ಕೆಡಿಸ್ಕೊಂತೀಯೇ, ಮೇಲಿಂದ ತೆಗ್ದು ಬಾಣಲೇಗೆ ಹಾಕು" ಅಂದರು. ಪುಡಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಕೈಯಾಡಿಸಿದೆವು, ಹಣ್ಣನ್ನು ಪಕ್ಕದ ಒಲೆಯಲ್ಲಿ ಮುಚ್ಚಿಟ್ಟೆವು. ಪುಡಿ ಓವನ್ನಿನದಕ್ಕಿಂತ ಗರಿಯಾಗಿ ಬಂತು, ಹಣ್ಣಿನ ಹಬೆ ತಗುಲದಿದ್ದದ್ದೇ ಕಾರಣ.

ಅಲ್ಲಿಂದ ಮುಂದೆ ಎರಡನ್ನೂ ಬೇರೆ ಬೇರೆ ಮಾಡುತ್ತಿದ್ದೇನೆ. ಕಡಲೆಬೀಜ 90 ಗ್ರಾಂ, ಕೊಬ್ಬರಿ ತುರಿ 30 ಗ್ರಾಂ, ತುಪ್ಪ 20 ಗ್ರಾಂ, ತಟ್ಟೆಯಲ್ಲಿ ಹರಡಿ 160 ಡಿಗ್ರಿಯಲ್ಲಿ 15 ನಿಮಿಷ, ನಡುವೆ ಒಂದು ಸಲ ಕೆದಕಬೇಕು. ಕೊಬ್ಬರಿಯ ಘಮ ಬರುವಷ್ಟಿದೆ, ಅಪ್ಪನ ಮಾತ್ರೆಗೆ ಎದುರಾಗುವಷ್ಟಿಲ್ಲ. ಹಣ್ಣು ಬಟ್ಟಲಿನಲ್ಲಿ ಮುಚ್ಚಿಕೊಂಡು ಅರ್ಧ ಗಂಟೆ ಬೇಯುತ್ತದೆ, ಅಂಚು ಕಂದುಬಣ್ಣಕ್ಕೆ ತಿರುಗುವವರೆಗೆ. ಪುಡಿ ಸ್ಟೀಲ್ ಡಬ್ಬಿಯಲ್ಲಿ ಒಂದು ವಾರ ಇರುತ್ತದೆ, ಹಣ್ಣು ಫ್ರಿಜ್ಜಿನಲ್ಲಿ ಮೂರು ದಿನ. ರಾತ್ರಿ ಊಟವಾದ ಮೇಲೆ ಅಪ್ಪ ತಾವೇ ಎದ್ದು ಹೋಗಿ ಮೂರು ಚಮಚ ಹಣ್ಣು, ಎರಡು ಚಮಚ ಪುಡಿ ಹಾಕಿಕೊಂಡು ಬಂದು, ತಟ್ಟೆಯ ಮುಂದೆ ಕೂರುತ್ತಾರೆ.