ಯಾರ್ಡಿನಲ್ಲಿ ಬಿದ್ದ ದೋಣಿಗೆ ‘ಏನೂ ಆಗಿಲ್ಲ’ ಅಂದರೆ ನಂಬಬೇಡಿ

ದೋಣಿಯನ್ನು ರಿಪೇರಿಗೆಂದು ಯಾರ್ಡಿನಲ್ಲಿ ಮೇಲೆತ್ತಿ ಇಟ್ಟಿರುವವರೆಲ್ಲ ಇದನ್ನು ದಯವಿಟ್ಟು ಪೂರ್ತಿ ಓದಿ. ಅಲ್ಲಿ ದೋಣಿಗೆ ಪೆಟ್ಟು ಬಿದ್ದರೆ, ಪೆಟ್ಟು ಮಾಡಿದವರೇ ಬಂದು ‘ಗೀರು ಬಿದ್ದಿದೆ ಅಷ್ಟೆ’ ಎಂದು ಹೇಳುತ್ತಾರೆ. ಆ ಮಾತಿನ ಮೇಲೆ ದೋಣಿಯನ್ನು ನೀರಿಗಿಳಿಸಬೇಡಿ.

ನನ್ನದು ಫೈಬರ್ ಹಾಯಿದೋಣಿ. ಅದರ ಭಾರವೆಲ್ಲ ಕೀಲ್, ಅಂದರೆ ದೋಣಿ ಮಗುಚದಂತೆ ತಳಕ್ಕೆ ಕೂಡಿಸಿರುವ ಭಾರವಾದ ಭಾಗ, ಅದರ ಕೆಳಗಿನ ದಿಮ್ಮಿಗಳ ಮೇಲಿತ್ತು. ಪಕ್ಕಕ್ಕೆ ವಾಲದಿರಲಿ ಎಂದು ಎರಡೂ ಬದಿ ಕಬ್ಬಿಣದ ಸ್ಟ್ಯಾಂಡ್ ಕೊಟ್ಟಿದ್ದರು. ಎದುರುಬದುರಿನ ಸ್ಟ್ಯಾಂಡ್‌ಗಳನ್ನು ದೋಣಿಯ ಅಡಿಯಿಂದ ಚೈನ್ ಹಾಕಿ ಬಿಗಿಯಬೇಕು, ಆಗ ಒಂದೇ ಸ್ಟ್ಯಾಂಡ್ ಜಾರಿಹೋಗುವುದಿಲ್ಲ. ಇಲ್ಲಿ ಚೈನ್ ಇರಲಿಲ್ಲ. ಬೇರೆ ದೋಣಿ ಸಾಗಿಸುತ್ತಿದ್ದ ಟ್ರೇಲರ್ ಒಂದು ಸ್ಟ್ಯಾಂಡಿಗೆ ತಗುಲಿತು. ಸ್ಟ್ಯಾಂಡ್ ಕಿತ್ತುಬಂತು, ದೋಣಿ ವಾಲಿ ಪಕ್ಕದ ಸ್ಟ್ಯಾಂಡಿನ ತಲೆಯ ಮೇಲೆ ಬಿತ್ತು.

ನನಗೆ ಸುದ್ದಿ ಬಂದಾಗ ಕ್ರೇನ್‌ನಿಂದ ದೋಣಿಯನ್ನು ನೆಟ್ಟಗೆ ನಿಲ್ಲಿಸಿ ಆಗಿತ್ತು. ಅಷ್ಟೇ ಅಲ್ಲ, ಪೆಟ್ಟು ಬಿದ್ದ ಜಾಗವನ್ನು ಉಜ್ಜಿ, ಪುಟ್ಟಿ ತುಂಬಿ, ಬಣ್ಣ ಹೊಡೆದುಬಿಟ್ಟಿದ್ದರು! ನಿಜವಾಗಿ ಎಲ್ಲಿ, ಎಷ್ಟು ಜೋರಾಗಿ ತಗುಲಿತ್ತು ಅನ್ನುವ ಗುರುತೇ ಉಳಿದಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇರುವುದು ಇದರ ಮೇಲೇ. ಅಪಘಾತ ಯಾರ ಕೈಲೂ ಆಗಬಹುದು, ಗುರುತು ಅಳಿಸುವುದು ಹಾಗಲ್ಲ ಅಲ್ವಾ? ನಿಮಗೆ ಹೀಗಾದರೆ, ಫೋಟೋ ತೆಗೆಯುವ ತನಕ ದೋಣಿಯನ್ನು ಮುಟ್ಟಬೇಡಿ ಎಂದು ಕೂಡಲೇ ಬರೆದು ಕಳಿಸಿ. ವಿಮೆ ಕಂಪನಿಗೂ ಅದೇ ದಿನ ಬರೆಯಿರಿ.

ಆಮೇಲೆ ಯಾರ್ಡಿನವರೇ ಒಬ್ಬ ಸರ್ವೇಯರ್‌ನನ್ನು, ಅಂದರೆ ದೋಣಿ ಪರೀಕ್ಷಿಸಿ ವರದಿ ಕೊಡುವವನನ್ನು, ಕರೆಸಿದರು. ಆತ ಹೊರಗಿನಿಂದ ಒಂದು ಸುತ್ತು ಹಾಕಿ, ‘ಮೇಲ್ಮೈ ಗೀರು ಮಾತ್ರ’ ಎಂದು ಒಂದು ಪುಟದ ವರದಿ ಕೊಟ್ಟ. ಒಳಗೆ ಕಾಲಿಡಲೇ ಇಲ್ಲ. ವರದಿಯ ಜೊತೆಗೆ ‘ದುರಸ್ತಿ ತೃಪ್ತಿಕರವಾಗಿದೆ, ಮುಂದೆ ಯಾವ ಬೇಡಿಕೆಯೂ ಇಲ್ಲ’ ಅನ್ನುವ ಕಾಗದವೂ ಸಹಿಗೆ ಬಂತು. ನಾನು ಸಹಿ ಹಾಕಲಿಲ್ಲ. ಸಲೀಸಾಗಿ ಮುಚ್ಚುತ್ತಿದ್ದ ಕ್ಯಾಬಿನ್ ಬಾಗಿಲು ಆಗ ಚೌಕಟ್ಟಿಗೆ ಉಜ್ಜುತ್ತಿತ್ತು. ಬಾಗಿಲು ಸುಮ್ನೆ ಬಿಗಿಯಾಗುವುದಿಲ್ಲ. ಅದನ್ನು ಹಿಡಿದಿರುವ ಅಡ್ಡಗೋಡೆ, ಅಂದರೆ ಬಲ್ಕ್‌ಹೆಡ್, ಜರುಗಿರಬೇಕು.

ಫೈಬರ್ ದೋಣಿಯ ತೊಂದರೆ ಇರುವುದೇ ಇಲ್ಲಿ. ಕಬ್ಬಿಣದ ದೋಣಿಗೆ ಪೆಟ್ಟು ಬಿದ್ದರೆ ತಗ್ಗು ಉಳಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಫೈಬರ್ ಒಳಕ್ಕೆ ಬಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಆದರೆ ಅದು ಬಗ್ಗಿದ ಆ ಕ್ಷಣದಲ್ಲಿ, ಅದಕ್ಕೆ ಒಳಗಿನಿಂದ ಅಂಟಿಸಿದ ಅಡ್ಡಗೋಡೆ, ಉದ್ದಪಟ್ಟಿಗಳು ಬಗ್ಗದೆ ಕಿತ್ತುಬರುತ್ತವೆ. ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಫೋಮ್ ಇದ್ದರೆ ಪದರ ಅದರಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿಗೆ ನೀರು ಇಳಿದರೆ ಬಾಲ್ಸಾ ಕೊಳೆಯುತ್ತದೆ. ಹೊರಗೆ ಮಾತ್ರ ಹೊಳಪು ಹಾಗೇ ಇರುತ್ತದೆ.

ನಾನೇ ದುಡ್ಡು ಕೊಟ್ಟು ಕರೆಸಿದ ಸರ್ವೇಯರ್ ಮೊದಲು ಒಳಗೆ ಹೋದರು. ನೆಲದ ಹಲಗೆ ಎತ್ತಿಸಿದರು, ಕಪಾಟುಗಳನ್ನೆಲ್ಲ ಖಾಲಿ ಮಾಡಿಸಿದರು. ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಹಿಡಿದು, ಓರೆ ಬೆಳಕಿನಲ್ಲಿ ನೋಡುತ್ತಾ ಹೋದರು. ಅಡ್ಡಗೋಡೆ ದೋಣಿಯ ಮೈಗೆ ಕೂಡುವ ಕಡೆ ಬಿಳಿಚಿದ ಒಂದು ಗೆರೆ ಇತ್ತು. ಅಲ್ಲಿ ತೆಳುವಾದ ಬ್ಲೇಡ್ ಸಲೀಸಾಗಿ ಒಳಗೆ ಹೋಯಿತು. ಆಮೇಲೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಹೊರಗೆಲ್ಲ ತಟ್ಟಿದರು. ಗಟ್ಟಿ ಇರುವಲ್ಲಿ ಟಣ್ ಅನ್ನುವ ಶಬ್ದ, ಹೊಸ ಬಣ್ಣದ ಸುತ್ತಮುತ್ತ ಡಬ್ ಡಬ್. ಬಣ್ಣ ಹೊಡೆದ ಜಾಗಕ್ಕಿಂತ ಡಬ್ ಅನ್ನುವ ಜಾಗ ತುಂಬಾ ದೊಡ್ಡದಿತ್ತು. ತೇವ ಅಳೆಯುವ ಮೀಟರನ್ನೂ ಇಟ್ಟರು, ಆದರೆ ಕೆಳಭಾಗದ ಬಣ್ಣವನ್ನು ಅಲ್ಲಲ್ಲಿ ಕೆರೆದ ಮೇಲೆಯೇ. ಆ ಬಣ್ಣದಲ್ಲಿ ತಾಮ್ರ ಇದ್ದರೆ ಮೀಟರ್ ಸುಳ್ಳು ಹೇಳುತ್ತದಂತೆ.

ಕೀಲ್ ಕೂಡುವ ಜಾಗ, ಅದರ ಬೋಲ್ಟ್‌ಗಳು, ಚುಕ್ಕಾಣಿಯ ದಂಡ, ಹಾಯಿಕಂಬದ ತಂತಿಗಳನ್ನು ಮೈಗೆ ಹಿಡಿದಿಡುವ ಲೋಹದ ಪಟ್ಟಿಗಳು, ಎಲ್ಲವನ್ನೂ ನೋಡಿದರು. ಲೋಹದ ಬಿರುಕು ಹುಡುಕಲು ಬಣ್ಣದ ದ್ರವ ಹಚ್ಚುವ ಪರೀಕ್ಷೆ ಇದೆ, ಅನುಮಾನ ಇರುವಲ್ಲಿ ಅದನ್ನು ಕೇಳಿ ಮಾಡಿಸಿ. ಪ್ರೊಪೆಲ್ಲರ್ ಶಾಫ್ಟ್ ನೇರ ಇದೆಯೋ ಇಲ್ಲವೋ ಅನ್ನುವುದನ್ನು ದೋಣಿ ನೀರಿಗಿಳಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ನೆಲದ ಮೇಲೆ ಇರುವಾಗಿನ ಆಕಾರ ನೀರಿನಲ್ಲಿ ಸ್ವಲ್ಪ ಬದಲಾಗುತ್ತದೆ.

ಇದೆಲ್ಲ ಜಾಸ್ತಿ ಆಯಿತು ಅನಿಸಿದರೆ ‘ಚೀಕಿ ರಫೀಕಿ’ ದೋಣಿಯ ತನಿಖಾ ವರದಿ ಓದಿ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ನಡುವೆ ಅದರ ಕೀಲ್ ಕಳಚಿ ದೋಣಿ ಮಗುಚಿತು. ಒಳಗಿದ್ದ ನಾಲ್ವರೂ ಹೋದರು. ಹಿಂದೆ ಹಲವು ಸಲ ತಳ ನೆಲಕ್ಕೆ ತಗುಲಿದ್ದು, ಆಮೇಲೆ ಮಾಡಿದ ದುರಸ್ತಿಗಳು ಸೇರಿ ಕೀಲ್ ಕೂಡುವ ಜಾಗ ದುರ್ಬಲವಾಗಿರಬಹುದು ಎಂದು ಬ್ರಿಟನ್ನಿನ ತನಿಖಾ ಸಂಸ್ಥೆ ಹೇಳಿತು. ಅದು ಯಾರ್ಡಿನ ಅಪಘಾತ ಅಲ್ಲ, ನಿಜ. ಆದರೆ ಒಳಗಿನ ಜೋಡಣೆ ಬಿಟ್ಟುಕೊಂಡರೆ ಹೊರಗಿನಿಂದ ಗೊತ್ತಾಗುವುದು ಕಷ್ಟ ಅನ್ನುವುದು ಎರಡಕ್ಕೂ ಒಂದೇ.

ವಿಮೆಯವರು ಕಳಿಸುವ ಸರ್ವೇಯರ್ ವಿಮೆಯವರ ಪರ ಕೆಲಸ ಮಾಡುತ್ತಾರೆ. ಯಾರ್ಡಿನವರು ಹೇಳಿದ ಹೆಸರು ಬೇಡವೇ ಬೇಡ. ನಿಮ್ಮವರನ್ನು ನೀವೇ ಹುಡುಕಿ, ಯಾವ ಭಾಗ ನೋಡಲು ಆಗಲಿಲ್ಲ ಅನ್ನುವುದನ್ನೂ ವರದಿಯಲ್ಲಿ ಬರೆಸಿ. ನಮಗೆ ಬಂದ ಮೊದಲ ವರದಿಯಲ್ಲಿ ಆ ಸಾಲು ಇರಲಿಲ್ಲ. ಹಾಗಾಗಿ ಎಲ್ಲವನ್ನೂ ನೋಡಿದ ಹಾಗೆ ಓದಿಸಿಕೊಳ್ಳುತ್ತಿತ್ತು.

ಅಡ್ಡಗೋಡೆಯ ಖರ್ಚಿಗೆ ಯಾರ್ಡಿನವರು ಈಗ ಒಪ್ಪಿದ್ದಾರೆ. ಪದರ ಬಿಟ್ಟಿದ್ದು ಹಳೆಯದು ಎಂದು ವಾದ ಮಾಡುತ್ತಿದ್ದಾರೆ. ಅಪಘಾತಕ್ಕೆ ಮುಂಚೆ ತೆಗೆದ ಫೋಟೋಗಳು, ಹಳೆಯ ಸರ್ವೇ ವರದಿ ನಿಮ್ಮಲ್ಲಿದ್ದರೆ ಜೋಪಾನ ಮಾಡಿ, ಈ ವಾದಕ್ಕೆ ಉತ್ತರ ಅವೇ. ದುರಸ್ತಿ ಶುರುವಾದ ಮೇಲೆ, ಹೊಸ ಫೈಬರ್ ಹಾಕಿ ಮುಚ್ಚುವ ಮುಂಚೆ ಸರ್ವೇಯರ್‌ನನ್ನು ಮತ್ತೆ ಕರೆಸಿ. ಬಿಚ್ಚಿಟ್ಟಾಗ ಮಾತ್ರ ಕಾಣುವ ಜಾಗ ಅದು.