ಮಾಸಿದ ಗಾಡಿ ಜಾಡು ಮತ್ತು ಒಂದು ಮುದ್ರಣಾಲಯ

ಇಂದಿರಾನಗರದ ಒಳರಸ್ತೆಯೊಂದರಲ್ಲಿರುವ ಛಾಯಾಚಿತ್ರ ಮುದ್ರಣಾಲಯವೊಂದಕ್ಕೆ ಹನ್ನೆರಡು ಚಿತ್ರಗಳನ್ನು ಎ2 ಅಳತೆಯಲ್ಲಿ ಮುದ್ರಿಸಲು ಕೊಟ್ಟಿದ್ದೆ. ಎಲ್ಲವೂ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ‘ಎಲ್ ಕಮೀನೋ ರಿಯಾಲ್ ದೆ ತಿಯೆರ್ರಾ ಅದೆಂತ್ರೊ’ ಎಂಬ ಸ್ಪ್ಯಾನಿಷ್ ವಸಾಹತು ಕಾಲದ ರಾಜಮಾರ್ಗದಲ್ಲಿ ತೆಗೆದವು. ಮೆಕ್ಸಿಕೋ ನಗರದಿಂದ ಉತ್ತರಕ್ಕೆ ಸುಮಾರು 2,560 ಕಿಲೋಮೀಟರ್ ಉದ್ದದ ಈ ದಾರಿಯಲ್ಲಿ 1598ರಲ್ಲಿ ಸ್ಪ್ಯಾನಿಷ್ ದಂಡನಾಯಕ ಹ್ವಾನ್ ದೆ ಓನ್ಯಾತೆ ವಲಸಿಗರನ್ನು ಕರೆದೊಯ್ದನು. 1880ರ ದಶಕದ ಆರಂಭದಲ್ಲಿ ರೈಲು ಬಂದ ಮೇಲೆ ಗಾಡಿಗಳ ಓಡಾಟ ನಿಂತುಹೋಯಿತು.

ಕೆಲಸದ ಗುಣದೋಷ ತಿಳಿಯಬೇಕಾದರೆ ಆ ಜಾಡು ಇಂದು ಹೇಗಿದೆಯೆಂಬುದನ್ನು ಹೇಳಲೇಬೇಕು. ‘ಸತ್ತವನ ಪಯಣ’ ಎಂಬ ಅರ್ಥದ ಹೋರ್ನಾದ ದೆಲ್ ಮುಎರ್ತೊ, ಈ ದಾರಿಯಲ್ಲಿ ಸಿಗುವ ಸುಮಾರು 145 ಕಿಲೋಮೀಟರ್ ಉದ್ದದ ನೀರಿಲ್ಲದ ಬಯಲು. ಅಲ್ಲಿ ಉಳಿದಿರುವುದು ಕುರುಚಲು ಗಿಡಗಳ ನಡುವೆ ಸಾಗುವ ಆಳವಿಲ್ಲದ ತಗ್ಗು ಮಾತ್ರ. ನೆತ್ತಿಯ ಬಿಸಿಲಿನಲ್ಲಿ ಅದರ ಮೇಲೆಯೇ ನಿಂತರೂ ಕಾಣದು. ಹೊತ್ತು ಇಳಿದು ಬೆಳಕು ಓರೆಯಾದಾಗ ತಗ್ಗಿನ ಒಂದು ಅಂಚಿಗೆ ತೆಳುವಾದ ನೆರಳು ಕೂರುತ್ತದೆ, ಆಗಷ್ಟೇ ಗೆರೆ ಮೂಡುತ್ತದೆ. ಅದೇ ಬಯಲಿನಲ್ಲಿ ಇಂದು ಸ್ಪೇಸ್‌ಪೋರ್ಟ್ ಅಮೆರಿಕ ಎಂಬ ಬಾಹ್ಯಾಕಾಶ ಉಡಾವಣಾ ನೆಲೆಯೂ ಇದೆ. ನನ್ನ ಹೆಚ್ಚಿನ ಚಿತ್ರಗಳು ನಿಂತಿರುವುದು ಆ ತೆಳು ನೆರಳಿನ ಮೇಲೆ.

ಮೊದಲ ಬಾರಿ ಮುದ್ರಣಾಲಯದವರು ಅದನ್ನೇ ಅಳಿಸಿಬಿಟ್ಟರು. ನನ್ನನ್ನು ಕೇಳದೆ ಸ್ವಯಂಚಾಲಿತ ತಿದ್ದುಪಡಿ ಹಾಕಿ ಲಸ್ಟರ್ ಎಂಬ ತುಸು ಹೊಳಪಿನ ಕಾಗದದ ಮೇಲೆ ಮುದ್ರಿಸಿದ್ದರಿಂದ ಆಕಾಶ ಗೋಡೆ ಕ್ಯಾಲೆಂಡರಿನಂತೆ ನೀಲಿಯಾಗಿ, ನೆಲ ಒಂದೇ ಬಣ್ಣದ ಹಾಳೆಯಾಗಿತ್ತು. ಆಕ್ಷೇಪಿಸಿದಾಗ ವಾದಿಸದೆ ಒಪ್ಪಿಕೊಂಡರು. ಅದು ಅವರ ದೊಡ್ಡ ಗುಣ. ಎರಡನೆಯ ಬಾರಿ ನನ್ನನ್ನು ಪರದೆಯ ಮುಂದೆ ಕೂರಿಸಿಕೊಂಡು, ಕಾಗದದ ಮೇಲೆ ಬಣ್ಣ ಹೇಗೆ ಬರುವುದೆಂದು ತಿಳಿಸುವ ಪ್ರೊಫೈಲ್ ಹಾಕಿ ಮುನ್ನೋಟ ತೋರಿಸಿ, ನಡುಛಾಯೆಗಳನ್ನು ಮಾತ್ರ ತುಸು ಬಿಡಿಸಿ, ಹಾನೆಮ್ಯೂಲೆ ಕಂಪನಿಯ ಫೋಟೋ ರ‍್ಯಾಗ್ 308 ಜಿಎಸ್‌ಎಂ (ಚದರ ಮೀಟರಿಗೆ 308 ಗ್ರಾಂ) ತೂಕದ ಹೊಳಪಿಲ್ಲದ ಹತ್ತಿ ಕಾಗದದ ಮೇಲೆ ಅಂಗೈಯಗಲದ ಪರೀಕ್ಷಾ ಪಟ್ಟಿಗಳನ್ನು ತೆಗೆದರು. ಮೂರನೆಯ ಪಟ್ಟಿಯಲ್ಲಿ ಜಾಡು ಮರಳಿ ಬಂದಿತು, ಅದೂ ನಾನು ಅಲ್ಲಿ ಕಂಡಷ್ಟೇ ಮಸುಕಾಗಿ.

ಆದರೆ ಎಲ್ಲ ಚಿತ್ರಕ್ಕೂ ಈ ಕಾಗದ ಸಲ್ಲದು. ಮೆಸಿಯಾ ಊರಿನ ಹಳೆಯ ಚೌಕದ ರಾತ್ರಿ ಚಿತ್ರದಲ್ಲಿ ಕಪ್ಪು ಬೂದಿಯಂತಾಗಿದೆ. ಅದಕ್ಕೆ ಲಸ್ಟರ್ ಕಾಗದವೇ ತಕ್ಕದ್ದಾಗಿತ್ತು. ಇದನ್ನು ಅವರೇ ಮೊದಲು ಹೇಳಬೇಕಿತ್ತು. ಹತ್ತಿ ಕಾಗದದ ಬೆಲೆಯೂ ಲಸ್ಟರಿನ ಸುಮಾರು ಮೂರು ಪಟ್ಟು.

ಚಿತ್ರಗಳ ಕೆಳಗಿನ ಕನ್ನಡ ವಿವರಣೆಯದು ಇನ್ನೊಂದು ಪಾಡು. ಈ ಮಾರ್ಗದ ಅಮೆರಿಕದ ಭಾಗವು 2000ದಲ್ಲಿ ರಾಷ್ಟ್ರೀಯ ಐತಿಹಾಸಿಕ ಮಾರ್ಗವೆಂದು ಘೋಷಿತವಾಯಿತು ಎಂಬ ಒಂದೇ ವಾಕ್ಯದಲ್ಲಿ ನಾಲ್ಕು ಒತ್ತಕ್ಷರಗಳು ಒಡೆದುಹೋಗಿದ್ದವು. ಬೆಂಗಳೂರಿನಲ್ಲಿಯೇ ಕನ್ನಡಕ್ಕೆ ಈ ಗತಿಯೇ ಎಂದು ನೊಂದು, ಕೊನೆಗೆ ಮನೆಯಲ್ಲಿ ಪಿಡಿಎಫ್ ಮಾಡಿ ಕೊಟ್ಟೆ. ಹಾಗೆ ಕೊಟ್ಟದ್ದು ಸರಿಯಾಗಿ ಬಂದಿತು.

ಚೌಕಟ್ಟಿನ ಗಾಜನ್ನು ಮಾತ್ರ ನಾನೇ ಬೇಡವೆಂದೆ. ಮಳೆಗಾಲದ ತೇವಕ್ಕೆ ಹತ್ತಿ ಕಾಗದ ಅಲೆಯೇಳಬಹುದೆಂದು ಅವರು ಎಚ್ಚರಿಸಿದರು. ಆದರೆ ಗಾಜು ಹಾಕಿ ನೋಡಿದಾಗ ಟ್ಯೂಬ್‌ಲೈಟಿನ ಪ್ರತಿಬಿಂಬ ನೇರವಾಗಿ ಜಾಡಿನ ಮೇಲೆಯೇ ಕೂರುತ್ತಿತ್ತು.