ಐಎಂಓ ಉಲ್ಕೆ ವರದಿ ಫಾರಂ: ಮುಷ್ಟಿಯಲ್ಲಿ ಅಳೆದು ತುಂಬಿದರೆ ಮಾತ್ರ ಉಪಯೋಗ

ಶುಕ್ರಗ್ರಹವನ್ನೂ ಮೀರಿಸಿ ಹೊಳೆಯುವ ಉಲ್ಕೆಯೇ ಬೆಂಕಿಯುಂಡೆ. ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಆಟ ಮುಗಿಯುತ್ತದೆ, ಮೊಬೈಲ್ ತೆಗೆಯಲೂ ಪುರುಸೊತ್ತಿರುವುದಿಲ್ಲ. ಕಂಡದ್ದನ್ನು ದಾಖಲಿಸಲು ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಶನ್, ಅಂದರೆ ಐಎಂಓದ ಆನ್‌ಲೈನ್ ಫಾರಂ ಇದೆ. ದುಡ್ಡು ಕೊಡಬೇಕಿಲ್ಲ.

ಜಾಗ, ಸಮಯ, ಬಣ್ಣ, ಹೊಳಪು ತುಂಬುವುದು ಸಲೀಸು. ಜನ ಎಡವುವುದು ಕೋನದಲ್ಲಿ. ಉಲ್ಕೆ ಮೊದಲು ಕಂಡ ಕಡೆಗೂ ಆರಿದ ಕಡೆಗೂ ದಿಕ್ಕು ಮತ್ತು ದಿಗಂತದಿಂದ ಎತ್ತರ ಬೇಕು. ಒಳಗೆ ಬಂದು ಕೂತು ನೆನಪಿನಿಂದ ತುಂಬಿದರೆ 20 ಡಿಗ್ರಿ ಹೋಗಿ 45 ಆಗಿರುತ್ತದೆ. ನಿಂತ ಜಾಗದಿಂದ ಕದಲುವ ಮೊದಲೇ, ಅದು ಆರಿದ್ದು ಯಾವ ತೆಂಗಿನ ಗರಿಯ ಮೇಲೆ, ಯಾವ ನೀರಿನ ಟ್ಯಾಂಕಿನ ಅಂಚಿಗೆ ಎಂದು ಗುರುತಿಟ್ಟುಕೊಳ್ಳಿ. ಆಮೇಲೆ ತೋಳನ್ನು ಪೂರ್ತಿ ಚಾಚಿ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಎಣಿಸಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ಎಣಿಕೆ ಕಣ್ಣಿನ ಮಟ್ಟದಿಂದ ಶುರುವಾಗಬೇಕು, ಎದುರುಮನೆ ತಾರಸಿಯಿಂದಲ್ಲ. ಬೈಕು, ಕಬ್ಬಿಣದ ಗೇಟಿನ ಪಕ್ಕ ಮೊಬೈಲ್ ದಿಕ್ಸೂಚಿ ಸುಳ್ಳು ಹೇಳುತ್ತದೆ. ನಾಲ್ಕು ಹೆಜ್ಜೆ ಸರಿದು ನೋಡಿ.

ಸದ್ದಿನ ಪ್ರಶ್ನೆಯನ್ನು ಅವಸರದಲ್ಲಿ "ಇಲ್ಲ" ಎಂದು ಬಿಡಬೇಡಿ. ಶಬ್ದಕ್ಕೆ 1 ಕಿ.ಮೀ. ದಾಟಲು ಸುಮಾರು 3 ಸೆಕೆಂಡು ಬೇಕು. ಉಲ್ಕೆ 60 ಕಿ.ಮೀ. ದೂರದಲ್ಲಿದ್ದರೆ ಗುಡುಗು ಬರುವುದು 3 ನಿಮಿಷದ ಮೇಲೆ. ಕಾಯುವಾಗ ಕಿಟಕಿಯ ಗಾಜಿನಿಂದ ದೂರವಿರಿ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಹೆಚ್ಚಿನವರಿಗೆ ಗಾಯವಾದದ್ದು, ಬೆಳಕು ಕಂಡು ಒಂದೆರಡು ನಿಮಿಷದ ಮೇಲೆ ಬಂದ ಆಘಾತ ತರಂಗಕ್ಕೆ ಒಡೆದ ಗಾಜಿನಿಂದ.

ಒಂದು ಕಿರಿಕಿರಿ: ಘಟನೆಗಳ ಪಟ್ಟಿ ಯುಟಿಯಲ್ಲಿದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ನಮ್ಮ ಬೆಳಗಿನ ಜಾವ 3 ಗಂಟೆಯ ಉಲ್ಕೆ ಅಲ್ಲಿ ಹಿಂದಿನ ದಿನದ 21:30ಕ್ಕೆ ಇರುತ್ತದೆ. ತಾರೀಖು ನೋಡಿ "ನನ್ನದು ಬಂದೇ ಇಲ್ಲ" ಎಂದುಕೊಳ್ಳುವವರೇ ಹೆಚ್ಚು. ಇನ್ನು, ಅರ್ಧ ನಿಮಿಷಕ್ಕೂ ಮಿಕ್ಕಿ ಚೂರುಚೂರಾಗಿ ನಿಧಾನಕ್ಕೆ ಸಾಗಿದ್ದು ಬಹುಪಾಲು ರಾಕೆಟ್ಟಿನ ಅವಶೇಷ. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಆಕಾಶದಲ್ಲಿ ಕಂಡದ್ದು ಅಂಥದ್ದೇ.

ಒಂದೇ ಕಡೆಯ ವರದಿಯಿಂದ ಉಲ್ಕೆಯ ಪಥ ಸಿಗದು. ದೂರ ದೂರದ ಊರುಗಳಿಂದ ಬಂದ ದಿಕ್ಕಿನ ಗೆರೆಗಳು ಒಂದನ್ನೊಂದು ಕತ್ತರಿಸಬೇಕು. ಬೆಂಗಳೂರಲ್ಲಿ ಕಂಡಿದ್ದರೆ ಪಕ್ಕದ ಮನೆಯವರನ್ನು ಎಬ್ಬಿಸುವ ಬದಲು ಹಾಸನದ ನೆಂಟರಿಗೆ ಫೋನ್ ಮಾಡಿ.